ಲಾಸ್ ಏಂಜಲೀಸಿನ ಹಿತ್ತಿಲ ಕುಲುಮೆಗಳು

ಲಾಸ್ ಏಂಜಲೀಸ್ ಮಹಾನಗರವನ್ನು ನೋಡಲೆಂದು ಬಂದ ಪ್ರವಾಸಿಗನಿಗೆ ನೋಟಗಳಿಗೇನೂ ಕೊರತೆಯಿಲ್ಲ. ಹಾಲಿವುಡ್ಡಿನ ಚಿತ್ರಶಾಲೆಗಳು, ಪೆಸಿಫಿಕ್ ಸಾಗರದ ಮರಳದಂಡೆ, ತಾಳೆಮರಗಳ ಸಾಲುಬೀದಿಗಳು ಇವನ್ನೆಲ್ಲ ಆತ ಎರಡು ಮೂರು ದಿನಗಳಲ್ಲಿ ಸುತ್ತಿ ಮುಗಿಸುತ್ತಾನೆ. ಆದರೆ ಈ ನಗರದ ಇನ್ನೊಂದು ಮುಖವಿದೆ. ಅದನ್ನು ಕಾಣಬೇಕಾದರೆ ಶನಿವಾರದ ಬೆಳಗಿನಲ್ಲಿ ಬರ್ಬ್ಯಾಂಕ್, ಪಮೋನ ಮೊದಲಾದ ಊರುಗಳ ವಸತಿಬೀದಿಗಳಲ್ಲಿ ನಿಧಾನವಾಗಿ ಕಾಲ್ನಡಿಗೆಯಲ್ಲಿ ಹೋಗಬೇಕು. ಮನೆಯ ಮುಂಬದಿಯಲ್ಲಿಯೋ ಹಿತ್ತಿಲಿನಲ್ಲಿಯೋ ಅಗಲವಾದ ಬಾಗಿಲೊಂದು ಮೇಲಕ್ಕೆ ಸರಿದಿರುತ್ತದೆ. ಒಳಗಿನಿಂದ ತಗಡಿನ ಮೇಲೆ ಬೀಳುವ ಸುತ್ತಿಗೆಯ ಸದ್ದು, ಅರದಿಂದ ಕಬ್ಬಿಣ ಉಜ್ಜುವ ಕರಕರ ಧ್ವನಿ, ನಡುನಡುವೆ ಬೆಸುಗೆಯ ನೀಲಿ ಮಿಂಚು. ಸುಣ್ಣ ಬಣ್ಣ ಬಳಿದ ಸುಂದರ ಮನೆಯ ಮಗ್ಗುಲಲ್ಲಿ ಕಮ್ಮಾರನ ಕುಲುಮೆಯೊಂದು ಎಲ್ಲಿಂದ ಬಂದಿತೆಂದು ಹೊಸಬನು ಬೆರಗಾದರೆ ಆಶ್ಚರ್ಯವಿಲ್ಲ.

ಅದು ಕುಲುಮೆಯಲ್ಲ, ಮನೆಯ ಗ್ಯಾರೇಜು. ಒಳಗೆ ಮಂಡಿಯೂರಿ ಕುಳಿತಿರುವವನು ಕಮ್ಮಾರನೂ ಅಲ್ಲ. ವಾರದ ಐದು ದಿನ ಕಚೇರಿಯಲ್ಲಿ ಲೆಕ್ಕ ಬರೆಯುವವನೋ, ಶಾಲೆಯಲ್ಲಿ ಪಾಠ ಹೇಳುವವನೋ, ನಿವೃತ್ತನಾದ ವಿಮಾನ ಕಾರ್ಖಾನೆಯ ಕೆಲಸಗಾರನೋ ಆಗಿರಬಹುದು. ಅವನ ಮುಂದೆ ನಾಲ್ಕು ಉಕ್ಕಿನ ಊರೆಗಳ ಮೇಲೆ ಹಳೆಯ ಫೋರ್ಡ್ ಕಾರೊಂದರ ಅಸ್ಥಿಪಂಜರ ನಿಂತಿರುತ್ತದೆ. ಇಂತಹ ಕಾರಿಗೆ ಅಲ್ಲಿನವರು ಇಟ್ಟಿರುವ ಹೆಸರು ‘ಹಾಟ್ ರಾಡ್’.

ಹಳೆಯ ಕಾರನ್ನು ಬಿಚ್ಚಿ, ಅನಾವಶ್ಯಕವಾದ ಭಾರವನ್ನೆಲ್ಲ ಕಳಚಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ, ತನ್ನ ಕೈಯಾರೆ ಮತ್ತೆ ಕಟ್ಟಿದ ವಾಹನವೇ ಹಾಟ್ ರಾಡ್. ಈ ಹವ್ಯಾಸದ ಮೂಲವನ್ನು ಹುಡುಕಿ ಹೊರಟರೆ ಬಡತನದ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. 1908ರಿಂದ 1927ರ ವರೆಗೆ ಹೆನ್ರಿ ಫೋರ್ಡರ ಕಾರ್ಖಾನೆಯಿಂದ ‘ಮಾಡೆಲ್ ಟಿ’ ಕಾರುಗಳು ಒಂದೂವರೆ ಕೋಟಿಗೂ ಮಿಕ್ಕಿ ಹೊರಬಂದವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಇವು ಗುಜರಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದವು. ಹೊಸ ಕಾರು ಕೊಳ್ಳಲಾಗದ ತರುಣರು ಹಳೆಯದನ್ನು ಕೊಂಡು ಮಡ್‌ಗಾರ್ಡುಗಳನ್ನೂ ಗಾಳಿತಡೆಯ ಗಾಜನ್ನೂ ತೆಗೆದುಹಾಕಿ, ನಗರದ ಉತ್ತರಕ್ಕಿರುವ ಮೊಹಾವಿ ಮರುಭೂಮಿಯ ಮ್ಯುರಾಕ್ ಎಂಬ ಒಣಗಿದ ಸರೋವರದ ಮೇಲೆ ಓಡಿಸಲಾರಂಭಿಸಿದರು. ನೀರು ಇಂಗಿ ಹಲಗೆಯಂತೆ ಸಪಾಟಾದ ಆ ಜೇಡಿಮಣ್ಣಿನ ಬಯಲಿನಲ್ಲಿ ಕಲ್ಲಿಲ್ಲ, ಮರವಿಲ್ಲ; ಯಂತ್ರದ ಸತ್ತ್ವವನ್ನು ಪರೀಕ್ಷಿಸಲು ಅದಕ್ಕಿಂತ ಉತ್ತಮ ಸ್ಥಳ ಬೇರೆ ದೊರೆಯದು.

1932ರಲ್ಲಿ ಫೋರ್ಡ್ ಸಂಸ್ಥೆ ಎಂಟು ಸಿಲಿಂಡರುಗಳ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ಹೊರತಂದಿತು. ಅದರ ಬಲ ಮೊದಲಿಗೆ 65 ಅಶ್ವಶಕ್ತಿ ಮಾತ್ರ. ಆದರೆ ಕೈಚಳಕವಿದ್ದವನಿಗೆ ಅದು ಅಕ್ಷಯಪಾತ್ರೆಯೇ ಆಯಿತು. 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಚಿಕ್ಕಪುಟ್ಟ ಕ್ಲಬ್ಬುಗಳು ಒಟ್ಟುಗೂಡಿ ವೇಗವನ್ನು ಕಾಲಮಾಪಕದಿಂದ ಅಳೆಯುವ ಸಂಘವೊಂದನ್ನು ಸ್ಥಾಪಿಸಿಕೊಂಡವು. ಆ ಸಂಘದಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆ ವೇಡಾ ಆರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸದಸ್ಯರು ದೂರದ ರಣರಂಗಗಳಿಗೆ ಚದುರಿಹೋದಾಗ, ಹವ್ಯಾಸದ ಸುದ್ದಿಯನ್ನು ಅಚ್ಚುಹಾಕಿಸಿ ಅವರಿಗೆ ಕಳುಹಿಸುತ್ತಿದ್ದವರೂ ಆಕೆಯೇ.

ಯುದ್ಧ ಮುಗಿದು ಮರಳಿದವರ ಕೈಗಳು ವಿಮಾನ ಮತ್ತು ಹಡಗುಗಳ ದುರಸ್ತಿಯಲ್ಲಿ ಪಳಗಿದ್ದವು. ಯುದ್ಧವಿಮಾನದ ಹೊಟ್ಟೆಯಡಿಯಲ್ಲಿ ತೂಗಿಬಿಡುತ್ತಿದ್ದ ಇಂಧನದ ತೊಟ್ಟಿಯನ್ನು ನೋಡಿದ್ದ ಬಿಲ್ ಬರ್ಕ್, 1946ರಲ್ಲಿ ಅಂತಹ ತೊಟ್ಟಿಯೊಂದನ್ನೇ ದೇಹವನ್ನಾಗಿ ಮಾಡಿ ಕಾರು ಕಟ್ಟಿದರು. ಅದೇ ವರ್ಷ ಅಲೆಕ್ಸ್ ಜಿಡಿಯಾಸ್ ಬರ್ಬ್ಯಾಂಕಿನಲ್ಲಿ ವೇಗದ ಬಿಡಿಭಾಗಗಳ ಅಂಗಡಿ ತೆರೆದರು. 1948ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಹಾಟ್ ರಾಡ್‌ಗಳ ಪ್ರದರ್ಶನ ನಡೆಯಿತು. ರಾಬರ್ಟ್ ಪೀಟರ್ಸನ್ ಇದೇ ಹೆಸರಿನ ಮಾಸಪತ್ರಿಕೆಯ ಮೊದಲ ಸಂಚಿಕೆಯನ್ನು ಅಲ್ಲಿಯೇ ಮಾರಿದರು. ಬೀದಿಗಳಲ್ಲಿ ಹುಚ್ಚುವೇಗದಿಂದ ಓಡುವ ಪುಂಡರೆಂಬ ಅಪಕೀರ್ತಿಯನ್ನು ತೊಡೆಯುವುದು ಈ ಹವ್ಯಾಸಿಗಳಿಗೆ ಆಗ ಅತ್ಯಗತ್ಯವಾಗಿತ್ತು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಸಂಘವನ್ನು ಕಟ್ಟಿದರು; 1953ರಲ್ಲಿ ಅದರ ಮೊದಲ ಅಧಿಕೃತ ಪಂದ್ಯ ಪಮೋನದ ಜಾತ್ರೆಯ ಮೈದಾನದಲ್ಲಿ ನಡೆಯಿತು.

ಚರಿತ್ರೆ ಇಷ್ಟಾಯಿತು. ಆದರೆ ಪಂದ್ಯ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳೆಲ್ಲ ಕಳೆಯುವುದು ಗ್ಯಾರೇಜಿನಲ್ಲಿ. ಹಾಟ್ ರಾಡ್ ಹವ್ಯಾಸಿಯ ನಿಜವಾದ ಬಾಳು ಅಲ್ಲಿದೆ.

ಈ ಗ್ಯಾರೇಜು ಕಾರಿಗೆ ಮಾತ್ರ ಮೀಸಲಾದ ಜಾಗವಲ್ಲ. ಕ್ಯಾಲಿಫೋರ್ನಿಯದ ಅನೇಕ ಮನೆಗಳಲ್ಲಿ ನೀರು ಕಾಯಿಸುವ ಹಂಡೆ, ಬಟ್ಟೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ ಎಲ್ಲವೂ ಗ್ಯಾರೇಜಿನಲ್ಲಿಯೇ ಇರುತ್ತವೆ. ಹೀಗೆ ಸಂಸಾರವೂ ಹವ್ಯಾಸವೂ ಒಂದೇ ಸೂರಿನಡಿಯಲ್ಲಿ ಬಾಳಬೇಕು. ಅಡುಗೆಮನೆಯನ್ನು ನವೀಕರಿಸಿದಾಗ ಕಿತ್ತ ಹಳೆಯ ಕಪಾಟುಗಳು ಇಲ್ಲಿನ ಗೋಡೆಯನ್ನೇರಿ ಸ್ಪ್ಯಾನರುಗಳಿಗೂ ಬಣ್ಣದ ಡಬ್ಬಿಗಳಿಗೂ ಆಶ್ರಯ ಕೊಡುತ್ತವೆ. ಕೇಕು ಬೇಯಿಸುವ ಗುಳಿತಟ್ಟೆಯಲ್ಲಿ ನಟ್ಟು ಬೋಲ್ಟುಗಳು ಅಳತೆಗನುಸಾರವಾಗಿ ಕುಳಿತಿರುತ್ತವೆ. ಅಡುಗೆಗೆ ಬೇಡವಾದ ವಿದ್ಯುತ್ ಒಲೆಪೆಟ್ಟಿಗೆ ಬಿಡಿಭಾಗಗಳ ಮೇಲಿನ ಪುಡಿಬಣ್ಣವನ್ನು ಕಾಯಿಸಿ ಗಟ್ಟಿಗೊಳಿಸುವ ಕೆಲಸಕ್ಕೆ ಬರುತ್ತದೆ. ಆ ಕೆಲಸಕ್ಕೆ ಒಮ್ಮೆ ಬಳಸಿದ ಒಲೆಯಲ್ಲಿ ಮತ್ತೆ ಎಂದಿಗೂ ಅನ್ನಾಹಾರ ಬೇಯಿಸಬಾರದೆಂಬುದು ಅಲ್ಲಿನ ಕಟ್ಟುನಿಟ್ಟಾದ ನಿಯಮ.

ವಿದ್ಯುಚ್ಛಕ್ತಿಯ ವಿಷಯದಲ್ಲಿಯೂ ಹೊಂದಾಣಿಕೆ ಅನಿವಾರ್ಯ. ಅಮೆರಿಕದ ಮನೆಗಳ ಸಾಧಾರಣ ಪ್ಲಗ್ಗುಗಳಲ್ಲಿ ದೊರೆಯುವುದು 120 ವೋಲ್ಟ್. ದೊಡ್ಡ ವೆಲ್ಡಿಂಗ್ ಯಂತ್ರಕ್ಕೆ 240 ವೋಲ್ಟ್ ಬೇಕು. ಬಟ್ಟೆ ಒಣಗಿಸುವ ಯಂತ್ರವು ವಿದ್ಯುತ್ತಿನಿಂದ ನಡೆಯುವ ಮನೆಗಳಲ್ಲಿ ಅಂತಹ ಪ್ಲಗ್ಗು ಒಂದಿರುತ್ತದೆ. ಪ್ರತ್ಯೇಕ ತಂತಿ ಎಳೆಸಲು ಹಣವಿಲ್ಲದ ಹವ್ಯಾಸಿ ತನ್ನ ವೆಲ್ಡಿಂಗ್ ಯಂತ್ರವನ್ನು ಅದಕ್ಕೆ ಒಗ್ಗುವಂತೆ ಮಾಡಿಕೊಳ್ಳುತ್ತಾನೆ. ಬಟ್ಟೆ ಒಣಗುತ್ತಿರುವಷ್ಟು ಹೊತ್ತು ಬೆಸುಗೆ ನಿಲ್ಲಬೇಕು, ಬೆಸುಗೆ ನಡೆದಷ್ಟು ಹೊತ್ತು ಒದ್ದೆಬಟ್ಟೆ ಕಾಯಬೇಕು. ಯಾರ ಸರದಿ ಮೊದಲೆಂಬ ಪ್ರಶ್ನೆಗೆ ಪ್ರತಿಯೊಂದು ಸಂಸಾರವೂ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ.

ಗೃಹಿಣಿಯ ಪಕ್ಷದಲ್ಲಿಯೂ ನ್ಯಾಯವಿದೆ. ಕಾರಿನ ಷಾಸಿಗೆ ಬೆಸುಗೆ ಹಾಕಬಲ್ಲ ಕೈ ಹಿತ್ತಿಲ ಗೇಟಿನ ಮುರಿದ ತಿರುಗಣೆಯನ್ನು ಸರಿಪಡಿಸಲಾರದೇ? ರೇಡಿಯೇಟರಿನ ಸೋರಿಕೆಯನ್ನು ನಿಲ್ಲಿಸುವವನು ಬಚ್ಚಲಿನ ನಲ್ಲಿಯನ್ನೇಕೆ ಸೋರಬಿಡಬೇಕು? ಹೀಗೆ ಚಾವಣಿ, ಕೊಳಾಯಿ, ಬೇಲಿ, ಕಿಟಕಿ ಎಲ್ಲವೂ ಒಂದೊಂದಾಗಿ ಗ್ಯಾರೇಜಿನ ಬಾಗಿಲು ತಟ್ಟುತ್ತವೆ. ಒಂದು ಮಳೆಗಾಲದ ಸೋರುವ ಮಾಡಿನಿಂದಾಗಿ ಕಾರಿನ ಕೆಲಸ ಆರು ತಿಂಗಳು ಹಿಂದೆ ಬೀಳುವುದುಂಟು. ಹಾಟ್ ರಾಡ್ ಒಂದನ್ನು ಕಟ್ಟಿ ಮುಗಿಸಲು ಹತ್ತು ವರ್ಷ ಹಿಡಿಯಿತೆಂದು ಯಾರಾದರೂ ಹೇಳಿದರೆ, ಆ ಹತ್ತು ವರ್ಷಗಳಲ್ಲಿ ಒಂದು ಮನೆಯೂ ಜೊತೆಯಲ್ಲಿ ದುರಸ್ತಿಯಾಯಿತೆಂದು ತಿಳಿಯಬೇಕು.

ಇಂತಹ ಜಾಗದಲ್ಲಿ ಅಪಾಯವೂ ಹೊಂಚುಹಾಕಿ ಕುಳಿತಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಗ್ಯಾಸಿನಿಂದ ನೀರು ಕಾಯಿಸುವ ಹಂಡೆಯ ಸಣ್ಣ ಜ್ವಾಲೆ ಅದನ್ನು ಮುಟ್ಟಿದರೆ ಕ್ಷಣಾರ್ಧದಲ್ಲಿ ಮನೆ ಬೆಂಕಿಗೆ ಆಹುತಿಯಾಗುತ್ತದೆ. ಗ್ಯಾರೇಜಿನಲ್ಲಿ ಹಂಡೆಯ ಕಿಡಿ ನೆಲದಿಂದ ಕನಿಷ್ಠ 18 ಅಂಗುಲ ಮೇಲಿರಬೇಕೆಂದು ಕಟ್ಟಡದ ನಿಯಮಗಳು ವಿಧಿಸಿರುವುದು ಈ ಕಾರಣಕ್ಕಾಗಿಯೇ. ಅಲ್ಲದೆ ಇದು ಭೂಕಂಪದ ನಾಡು. 1994ರ ಜನವರಿ 17ರ ನಸುಕಿನಲ್ಲಿ ಸ್ಯಾನ್ ಫರ್ನಾಂಡೊ ಕಣಿವೆ ನಡುಗಿದ ನೆನಪು ಇನ್ನೂ ಮಾಸಿಲ್ಲ. ಹಂಡೆಯನ್ನು ಲೋಹದ ಪಟ್ಟಿಗಳಿಂದ ಗೋಡೆಗೆ ಬಿಗಿಯುವುದು ಅಲ್ಲಿ ಕಾನೂನು. ಜ್ಯಾಕು ಒಂದನ್ನೇ ನಂಬಿ ಕಾರಿನಡಿ ನುಸುಳದಿರುವುದು ವಿವೇಕ. ಕ್ಲೋರಿನ್ ಸೇರಿದ ದ್ರವದಿಂದ ಬ್ರೇಕಿನ ಭಾಗವನ್ನು ತೊಳೆದು, ಅದು ಆರುವ ಮೊದಲೇ ಬೆಸುಗೆ ಹಚ್ಚಿದರೆ ಫಾಸ್ಜೀನ್ ಎಂಬ ಪ್ರಾಣಾಂತಕ ವಿಷಾನಿಲ ಹುಟ್ಟುತ್ತದೆ. ತಗಡಿನ ಕುಳಿಗಳನ್ನು ಸೀಸದಿಂದ ತುಂಬಿ ಉಜ್ಜುವ ಹಳೆಯ ಪದ್ಧತಿಯಲ್ಲಿ ಸೀಸದ ಧೂಳು ಬಟ್ಟೆಗೆ ಅಂಟಿ ಮಕ್ಕಳ ಬಳಿಗೆ ಸಾಗುತ್ತದೆ. ಇವೆಲ್ಲವೂ ಡಬ್ಬಿಯ ಮೇಲಿನ ಸಣ್ಣಕ್ಷರಗಳಲ್ಲಿ ಬರೆದಿರಬಹುದು. ಆದರೆ ಮನಸ್ಸಿನಲ್ಲಿ ನಾಟುವುದು ಹಿರಿಯನೊಬ್ಬನು ಪಕ್ಕದಲ್ಲಿ ನಿಂತು ಕೈ ಹಿಡಿದು ತಡೆದಾಗ ಮಾತ್ರ.

ಕೌಶಲದ ಮಾತೂ ಅಷ್ಟೇ. ಫೋರ್ಡಿನ ಆ ಹಳೆಯ ವಿ-8 ಎಂಜಿನ್ನನ್ನು ಅಮೆರಿಕದ ಕಾರುಗಳಲ್ಲಿ ಕೊನೆಯ ಬಾರಿಗೆ ಅಳವಡಿಸಿದ್ದು 1953ರಲ್ಲಿ. ಅದರ ರಚನೆಯಲ್ಲಿ ಒಂದು ದೋಷವಿದೆ. ಸುಟ್ಟ ಬಿಸಿಹೊಗೆ ಎಂಜಿನ್ನಿನ ಒಡಲೊಳಗಿನ ನೀರಿನ ಕೋಣೆಯನ್ನು ಹಾಯ್ದು ಹೊರಬರಬೇಕು. ಒಂದೊಂದು ಬದಿಯ ನಾಲ್ಕು ಸಿಲಿಂಡರುಗಳ ಹೊಗೆಗೆ ಮೂರೇ ದಾರಿಗಳು. ಆದುದರಿಂದ ಅದು ಬೇಗ ಕಾಯುತ್ತದೆ, ಕಾದು ಕಾದು ಎರಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಅಯಸ್ಕಾಂತವನ್ನೂ ಲೋಹದ ಪುಡಿಯನ್ನೂ ಪ್ರಯೋಗಿಸಿ ಆ ಬಿರುಕನ್ನು ಕಂಡುಹಿಡಿಯಬೇಕು. ಯಾವ ಬಿರುಕು ದುರಸ್ತಿಗೆ ಬಗ್ಗುವುದು, ಯಾವುದು ಎಂಜಿನ್ನನ್ನೇ ಗುಜರಿಗೆ ಕಳುಹಿಸುವುದು ಎಂಬುದನ್ನು ನಿರ್ಣಯಿಸಲು ಅನುಭವದ ಕಣ್ಣೇ ಬೇಕು. 1955ರಲ್ಲಿ ಬಂದ ಷೆವ್ರೊಲೆ ವಿ-8 ಹೆಚ್ಚು ಬಲವುಳ್ಳದ್ದು. ಬಹುಮಂದಿ ಅದರತ್ತ ತಿರುಗಿದರು. ಆದರೂ ಹಳೆಯದನ್ನು ಬಿಡದವರು ಇಂದಿಗೂ ಇದ್ದಾರೆ.

ಈ ಅನುಭವ ಮುಂದಿನವರಿಗೆ ತಲುಪುವುದು ಹೇಗೆ? ಹಿಂದೆ ಕ್ಯಾಲಿಫೋರ್ನಿಯದ ಪ್ರೌಢಶಾಲೆಗಳಲ್ಲಿ ಲೋಹಗೆಲಸ, ಮರಗೆಲಸ, ಮೋಟಾರು ದುರಸ್ತಿಗಳ ತರಗತಿಗಳು ಸಾಮಾನ್ಯವಾಗಿದ್ದವು. ಕಳೆದ ಕೆಲವು ದಶಕಗಳಲ್ಲಿ ಅವುಗಳಲ್ಲಿ ಅನೇಕವು ಮುಚ್ಚಿಹೋದವು. ಶಾಲೆ ಕೈಬಿಟ್ಟ ವಿದ್ಯೆಗೆ ಗ್ಯಾರೇಜೇ ಗುರುಕುಲವಾಗಿ ಉಳಿದಿದೆ. ಆದರೆ ಈ ಗುರುಕುಲದ ಆಚಾರ್ಯರಿಗೆ ವಯಸ್ಸಾಗುತ್ತಿದೆ.

ಪಮೋನದಲ್ಲಿ ವರ್ಷಕ್ಕೆ ಹಲವು ಬಾರಿ ಹಳೆಯ ಕಾರು ಮತ್ತು ಬಿಡಿಭಾಗಗಳ ಸಂತೆ ನಡೆಯುತ್ತದೆ. ಬೆಳಕು ಹರಿಯುವ ಮೊದಲೇ ಜನರು ಕೈದೀಪ ಹಿಡಿದು ಬರುತ್ತಾರೆ. ಹೊಳೆಯುವ ಕಾರುಗಳ ನಡುವೆ ಅರೆಬರೆ ಕಾರುಗಳೂ ಕಣ್ಣಿಗೆ ಬೀಳುತ್ತವೆ: ಎಂಜಿನ್ನಿಲ್ಲದ ಷಾಸಿ, ಬಾಗಿಲಿಲ್ಲದ ಒಡಲು, ಜೊತೆಗೆ ಹತ್ತಾರು ಪೆಟ್ಟಿಗೆಗಳು. ಕಟ್ಟುತ್ತಿದ್ದವನು ತೀರಿಕೊಂಡಾಗ ಇಂತಹ ಪೆಟ್ಟಿಗೆಗಳು ಮನೆಯವರ ಪಾಲಿಗೆ ಬಿಡಿಸಲಾಗದ ಒಗಟಾಗುತ್ತವೆ. ಯಾವ ಭಾಗ ಯಾವುದಕ್ಕೆ ಸೇರಿದ್ದೆಂದು ಬರೆದಿಡದಿದ್ದರೆ ಇಪ್ಪತ್ತು ವರ್ಷಗಳ ದುಡಿಮೆಯೂ ಹಳೆಯ ಕಬ್ಬಿಣದ ತೂಕಕ್ಕೆ ಇಳಿಯುತ್ತದೆ. ಬರೆದಿಟ್ಟಿದ್ದರೆ, ಅದಕ್ಕಿಂತ ಮೇಲಾಗಿ ಮಗಳೋ ಮೊಮ್ಮಗನೋ ನೆರೆಮನೆಯ ಹುಡುಗನೋ ಜೊತೆಯಲ್ಲಿ ಕುಳಿತು ಕಲಿತಿದ್ದರೆ, ಆ ಕಾರು ಒಂದಲ್ಲ ಒಂದು ದಿನ ರಸ್ತೆಗಿಳಿಯುತ್ತದೆ. ಇದನ್ನು ಅರಿತ ಹಿರಿಯರು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾರೆ. ಸ್ಪ್ಯಾನರನ್ನು ಎಳೆಯ ಕೈಗೆ ಕೊಟ್ಟು ತಾವು ದೀಪ ಹಿಡಿದು ನಿಲ್ಲುತ್ತಾರೆ.

ಕಾರು ಪರೀಕ್ಷೆಗೆ ನಿಲ್ಲುವ ಬಯಲುಗಳೂ ಶಾಶ್ವತವಲ್ಲ. ಮ್ಯುರಾಕ್ ಬಯಲು ಸೈನ್ಯದ ವಿಮಾನನೆಲೆಗೆ ಸೇರಿಹೋಯಿತು. ಮೊಹಾವಿಯದೇ ಎಲ್ ಮಿರಾಜ್ ಎಂಬ ಒಣಸರೋವರ ಅದರ ಸ್ಥಾನವನ್ನು ತುಂಬಿತು. 1949ರಿಂದ ಹವ್ಯಾಸಿಗಳು ಸೇರುತ್ತಿರುವ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಉಪ್ಪಿನ ಪದರ ತೆಳುವಾಗುತ್ತಿದೆ; 2014 ಮತ್ತು 2015ರಲ್ಲಿ ನೆಲ ಹದವಾಗಿಲ್ಲದೆ ಅಲ್ಲಿನ ವೇಗದ ಸಪ್ತಾಹವೇ ರದ್ದಾಯಿತು. ವರ್ಷವಿಡೀ ಕಾದವರು ಆಗ ಮಾಡಿದ್ದೇನು? ಗ್ಯಾರೇಜಿಗೆ ಮರಳಿ ಮುಂದಿನ ವರ್ಷಕ್ಕೆ ಸಿದ್ಧತೆ ನಡೆಸಿದರು.

ಸಂಜೆಯಾಗುತ್ತಿದ್ದಂತೆ ಬೀದಿಯಲ್ಲಿ ಒಂದೊಂದೇ ಬಾಗಿಲು ಕೆಳಗಿಳಿಯುತ್ತದೆ. ಹಿರಿಯನು ಕೈಯ ಜಿಡ್ಡನ್ನು ಒರೆಸಿಕೊಳ್ಳುತ್ತಾನೆ. ಬಳಸಿದ ಸ್ಪ್ಯಾನರುಗಳನ್ನು ಹುಡುಗಿಯೊಬ್ಬಳು ಅಳತೆಯ ಸಂಖ್ಯೆ ನೋಡಿ ನೋಡಿ ಗೋಡೆಯ ಮೊಳೆಗಳಿಗೆ ತೂಗುಹಾಕುತ್ತಾಳೆ. ಕಾರು ಇಂದು ಮುಗಿಯಲಿಲ್ಲ. ಒಂದು ಬ್ರೇಕಿನ ಕೊಳವೆ ಮಾತ್ರ ತನ್ನ ಸ್ಥಾನಕ್ಕೆ ಸೇರಿತು. ಅಡುಗೆಮನೆಯ ನಲ್ಲಿಯ ಸೋರಿಕೆಯೂ ನಿಂತಿತು. ವೆಲ್ಡಿಂಗ್ ಯಂತ್ರದ ಪ್ಲಗ್ಗನ್ನು ಕಿತ್ತು ಒಣಗಿಸುವ ಯಂತ್ರದ ಪ್ಲಗ್ಗನ್ನು ಸಿಕ್ಕಿಸಿದೊಡನೆ, ಬೆಳಗಿನಿಂದ ಕಾದಿದ್ದ ಒದ್ದೆಬಟ್ಟೆಗಳು ಗರಗರನೆ ಸುತ್ತತೊಡಗುತ್ತವೆ.