ಕೆ ಅಂದರೆ ಕುಣಿಗಲ್

ಯಾವ ಅರ್ಜಿ ತುಂಬಲು ಕೂತರೂ ‘ಸರ್‌ನೇಮ್’ ಎಂಬ ಖಾನೆಗೆ ಬಂದಾಗ ನನ್ನ ಪೆನ್ನು ತಡವರಿಸುತ್ತದೆ. ನಮ್ಮಪ್ಪನಿಗೆ ಅಡ್ಡಹೆಸರೆಂಬುದೇ ಇರಲಿಲ್ಲ. ಇದ್ದದ್ದು ಒಂದು ‘ಕೆ’. ಕೆ ಅಂದರೆ ಕುಣಿಗಲ್. ಗುಬ್ಬಿ ವೀರಣ್ಣನವರು ಊರನ್ನು ಹೆಸರಿನ ಮುಂದೆ ಪೂರ್ತಿಯಾಗಿ ಮೆರೆಸಿದರು, ತೀ.ನಂ.ಶ್ರೀ.ಯವರು ತೀರ್ಥಪುರವನ್ನು ‘ತೀ’ಯೊಳಗೆ ಮಡಿಚಿಟ್ಟರು. ನಾವು ಮಡಿಚಿಟ್ಟವರ ಪೈಕಿ.

ಚೀನೀಯರ ದಾರಿ ಬೇರೆ. ಝೆಂಗ್ ಎಂಬ ಮನೆತನದ ಹೆಸರು ಅದೇ ಹೆಸರಿನ ಹಳೆಯ ರಾಜ್ಯದಿಂದ ಬಂದದ್ದು. ಆ ಅಕ್ಷರದ ಬಲಮಗ್ಗುಲಲ್ಲಿ ‘ಊರು’ ಎಂಬರ್ಥದ ಗುರುತು ಕೂತೇ ಇದೆ. ಉಚ್ಚಾರ ಎಷ್ಟು ಸವೆದರೂ ಕಣ್ಣಿಗೆ ಊರು ಸಿಗುತ್ತದೆ. ನಮ್ಮದು ಕಿವಿಯ ಲಿಪಿ. ಬಾಯಿ ಹೊರಳಿದಂತೆ ಬರಹವೂ ಹೊರಳುತ್ತದೆ. ಅರ್ಥ ಜಾರಿಬಿದ್ದರೆ ಕಥೆ ಕಟ್ಟಿಕೊಳ್ಳುತ್ತೇವೆ.

ಅಜ್ಜಿ ಕಟ್ಟಿಕೊಟ್ಟ ಕಥೆ: ‘ಶಿವ ಕುಣಿದ ಕಲ್ಲು ಕಣೋ, ಅದಕ್ಕೇ ಕುಣಿಗಲ್ಲು.’ ಕಾಲೇಜು ಮುಗಿಸುವವರೆಗೂ ನಂಬಿದ್ದೆ. ಆಮೇಲೆ ಕಡಬದ ತಾಮ್ರಶಾಸನ ಎದುರಾಯಿತು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕಿದ್ದು, ರಾಷ್ಟ್ರಕೂಟ ಮೂರನೇ ಗೋವಿಂದನದು, ಕ್ರಿ.ಶ. 812ರದು. ಅದರಲ್ಲಿ ವಿಮಲಾದಿತ್ಯನೆಂಬವನಿಗೆ ಶನಿಕಾಟ. ಅದನ್ನು ಕಳೆದ ಜೈನಮುನಿ ಅರ್ಕಕೀರ್ತಿಗೆ ಜಾಲಮಂಗಲವೆಂಬ ಹಳ್ಳಿಯ ದತ್ತಿ. ವಿಮಲಾದಿತ್ಯ ಆಳುತ್ತಿದ್ದ ನಾಡಿನ ಹೆಸರು ‘ಕುನುಂಗಿಲ್’. ನಮ್ಮ ಕುಣಿಗಲ್ಲೇ! ಆದರೆ ಅದರಲ್ಲಿ ಕುಣಿತವೂ ಇಲ್ಲ, ಕಲ್ಲೂ ಇಲ್ಲ. ಜನರ ಬಾಯಲ್ಲಿ ಉರುಳುತ್ತಾ ಉರುಳುತ್ತಾ ಶಬ್ದಕ್ಕೆ ಕಾಲು ಮೂಡಿ, ಕಾಲಿಗೆ ಕುಣಿತ ಬಂದು, ಕುಣಿಯಲು ಶಿವನೇ ಬರಬೇಕಾಯಿತು. ಅಜ್ಜಿ ಬದುಕಿದ್ದರೂ ಇದನ್ನು ಹೇಳುವ ಧೈರ್ಯ ನನಗಿರುತ್ತಿರಲಿಲ್ಲ.

ಗುಬ್ಬಿಯವರ ಬಳಿ ಪುರಾಣ ಕೇಳಿ ಪ್ರಾಣಬಿಟ್ಟ ಜೋಡಿ ಗುಬ್ಬಿಗಳ ಕಥೆಯಿದೆ. ತುಮಕೂರಿನವರು ತುಂಬೆ ಹೂವೋ ತುಮುಕಿ ವಾದ್ಯವೋ ಎಂದು ಇನ್ನೂ ವಾದಿಸುತ್ತಾರೆ. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷ್ ‘ತುಮ್ಕೂರ್’ಗೆ ಕನ್ನಡದ ಬಾಲ ಸೇರಿಸಿತೇ ಹೊರತು ಆ ವ್ಯಾಜ್ಯ ಬಗೆಹರಿಸಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಕ್ಯಾತಸಂದ್ರ. ದೊಡ್ಡ ಕೆರೆಗೆ ಹಿಂದಿನವರು ಧಾರಾಳವಾಗಿ ‘ಸಮುದ್ರ’ ಎನ್ನುತ್ತಿದ್ದರು. ಅದು ಸವೆದು ಸಂದ್ರವಾಯಿತು. ಬಸ್ಸಿನ ಕಂಡಕ್ಟರ್ ಅದನ್ನೂ ಬಿಡದೆ ‘ಕ್ಯಾಸಂದ್ರಾ, ಕ್ಯಾಸಂದ್ರಾ’ ಎಂದು ಕೂಗುತ್ತಾನೆ. ನಾನು ಇಳಿದು, ಕ್ಯಾತನ ಸಮುದ್ರದ ದಡದಲ್ಲಿ ನಿಂತು, ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ತಿನ್ನುತ್ತೇನೆ.