ಜೇಬಿನಲ್ಲಿ ಐನೂರು, ಎದುರಿಗೆ ರೂಪದರ್ಶಿ!

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಜಯನಗರ ಮೂರನೇ ಬ್ಲಾಕ್. ಫೆಬ್ರವರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಹಾಲಿನ ಹುಡುಗರು, ವಾಕಿಂಗ್ ಹೊರಟ ತಾತಂದಿರು, ಎರಡು ಬೀದಿನಾಯಿ... ಇಷ್ಟು ಬಿಟ್ಟರೆ ರಸ್ತೆ ಖಾಲಿ. ನನ್ನ ಹೆಗಲಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮರಾ, ಕಂಕುಳಲ್ಲಿ ಥರ್ಮಕೋಲ್ ಹಾಳೆ, ಜೇಬಿನಲ್ಲಿ ಐನೂರರ ಒಂದೇ ಒಂದು ನೋಟು. ಎದುರಿಗೆ ರೂಪದರ್ಶಿ. ರೂಪದರ್ಶಿಯ ಪಕ್ಕದಲ್ಲಿ ರೂಪದರ್ಶಿಯ ತಾಯಿ!

ಮಗಳಿಗೆ ಇಪ್ಪತ್ತೊಂದು ವರ್ಷ. ಹವ್ಯಾಸಿ ನಾಟಕ ತಂಡದಲ್ಲಿ ಪಾತ್ರ ಮಾಡುತ್ತಾಳೆ. ಸಿನಿಮಾಕ್ಕೋ ಜಾಹೀರಾತಿಗೋ ಪ್ರಯತ್ನಿಸಲು ಆಕೆಗೆ ಒಳ್ಳೆಯ ಹತ್ತು ಫೋಟೋ ಬೇಕು. ನನಗೆ ಕಲಿಯಲು ಒಂದು ಮುಖ ಬೇಕು. ಆಕೆ ನನಗೆ ಸಂಬಳ ಕೊಡುವುದಿಲ್ಲ, ನಾನು ಆಕೆಗೆ ಕೊಡುವುದಿಲ್ಲ. ತಿಂಡಿ ಕಾಫಿ ಮಾತ್ರ ನನ್ನದು. ಅಲ್ಪ ಬಂಡವಾಳದಲ್ಲಿ ಈ ಕೆಲಸ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ಇಲ್ಲ.

ಕ್ಯಾಮರಾ ಹೊರಗೆ ತೆಗೆಯುವ ಮೊದಲೇ ತಾಯಿ ಕೇಳಿದರು: "ಏನಪ್ಪಾ, ಈ ಫೋಟೋ ಎಲ್ಲ ಆಮೇಲೆ ಎಲ್ಲಿಗೆ ಹೋಗುತ್ತೆ?"

ಓದುಗ ಮಿತ್ರರೇ, ಇದಕ್ಕೆ "ಎಲ್ಲೂ ಹೋಗಲ್ಲಮ್ಮ" ಅಂತ ಹೇಳಿ ಮುಗಿಸಬಹುದಿತ್ತು. ಬೆಳಗಿನ ಹೊಂಬಿಸಿಲು ಓಡುತ್ತಿತ್ತು. ಎಂಟೂವರೆ ದಾಟಿದರೆ ಬಿಸಿಲು ಗಟ್ಟಿಯಾಗಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆದರೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿ ಹಳೆಯ ಕತೆ ಹೇಳಿದೆ. ನಿಮಗೂ ಹೇಳುತ್ತೇನೆ.

ಒಂದು ಬೋರ್ಡಿನ ಕತೆ

ಎರಡು ವರ್ಷದ ಹಿಂದೆ ಇದೇ ರೀತಿ ಇನ್ನೊಬ್ಬ ಹುಡುಗಿಯ ಫೋಟೋ ತೆಗೆದಿದ್ದೆ. ಆಕೆಯೂ ರಂಗಭೂಮಿಯವಳೇ. ಹಸಿರು ಸೀರೆ, ಪಕ್ಕಕ್ಕೆ ತಿರುಗಿದ ನಗು. ನನ್ನ ಕೈಯಿಂದ ಬಂದ ಮೊದಲ ಒಳ್ಳೆಯ ಚಿತ್ರ. ಸಂತೋಷ ತಡೆಯಲಾರದೆ ಪರಿಚಯದ ಒಬ್ಬ ಬಟ್ಟೆ ಅಂಗಡಿಯವರಿಗೆ ತೋರಿಸಿದೆ. "ಕೊಡ್ತೀರಾ?" ಅಂದರು. ಸಾವಿರದ ಐನೂರು ಕೈಗಿಟ್ಟರು. ನನ್ನ ಕಲೆಗೆ ಬಂದ ಮೊದಲ ಸಂಪಾದನೆ! ಆ ಹುಡುಗಿಯನ್ನು ಒಂದು ಮಾತು ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಹದಿನೈದು ದಿನಕ್ಕೆ ಅಂಗಡಿಯ ಮೇಲೆ ಎಂಟಡಿ ಬೋರ್ಡು. ಆಕೆ ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ಅಂತ ಹೇಳಿ ನಾಟಕದ ತಾಲೀಮಿಗೆ ಬರುತ್ತಿದ್ದಳಂತೆ. ಅವಳ ತಂದೆ ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿದರು. ನಾನು ದುಡ್ಡು ವಾಪಸು ಕೊಟ್ಟು, ಕೈಕಾಲು ಹಿಡಿದು ಬೋರ್ಡು ಇಳಿಸಿಸಿದೆ. ಬೋರ್ಡು ಇಳಿಯಿತು. ಆ ಹುಡುಗಿ ಮತ್ತೆ ರಂಗ ಹತ್ತಲಿಲ್ಲ. ಒಂದು ವರ್ಷ ನಾನು ಕ್ಯಾಮರಾ ಮುಟ್ಟಲಿಲ್ಲ.

ಕತೆ ಮುಗಿಯಿತು. ತಾಯಿ ಏನೂ ಹೇಳಲಿಲ್ಲ. ನಾನು ಗಂಟು ಮೂಟೆ ಕಟ್ಟಲು ಎದ್ದೆ. ಮಗಳೇ ಅಂದಳು: "ತೆಗೀರಿ ಸರ್. ಆದರೆ ಬರೆದುಕೊಡಿ."

ಬರೆದುಕೊಟ್ಟೆ. ನೋಟ್‌ಬುಕ್ಕಿನ ಒಂದು ಹಾಳೆ, ಕನ್ನಡದಲ್ಲಿ ಐದು ಸಾಲು. ಈ ಚಿತ್ರಗಳು ಆಕೆಯ ಆಲ್ಬಮ್ಮಿಗೆ, ನನ್ನ ಆಲ್ಬಮ್ಮಿಗೆ ಮಾತ್ರ. ಮಾರುವುದಿಲ್ಲ. ಬೇರೆಯವರಿಗೆ ಕೊಡಬೇಕಾದರೆ ಮೊದಲು ಆಕೆಯನ್ನು ಕೇಳುತ್ತೇನೆ. ಯಾವುದು ಬೇಡ ಅನ್ನುತ್ತಾಳೋ ಅದನ್ನು ಅಳಿಸುತ್ತೇನೆ. ಹತ್ತು ದಿನದಲ್ಲಿ ಚಿತ್ರ ತಲುಪಿಸುತ್ತೇನೆ. ಇಬ್ಬರ ಸಹಿ, ತಾರೀಖು. ನೀವೂ ಇಷ್ಟು ಮಾಡಿ. ಹದಿನೆಂಟು ತುಂಬದವರಾದರೆ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಕ್ಯಾಮರಾ ಎತ್ತಲೇಬೇಡಿ.

ಅಮ್ಮಾವ್ರೇ ಲೈಟ್ ಬಾಯ್!

ಜಯನಗರ 1948ರಲ್ಲಿ ನಕ್ಷೆ ಹಾಕಿ ಕಟ್ಟಲು ಶುರುಮಾಡಿದ ಬಡಾವಣೆ. ಅಗಲ ರಸ್ತೆ, ಎರಡೂ ಕಡೆ ಮರ. ಈ ತಿಂಗಳಲ್ಲಿ ಟಬೂಬಿಯಾ ಮರ ಎಲೆಯೆಲ್ಲ ಉದುರಿಸಿ ಗುಲಾಬಿ ಹೂ ತುಂಬಿಕೊಂಡಿರುತ್ತದೆ. ಸ್ಟುಡಿಯೋದವರು ಸಾವಿರಾರು ರೂಪಾಯಿ ಸುರಿದು ಹಾಕಿಸುವ ಸೆಟ್ಟು ಇಲ್ಲಿ ಪುಕ್ಕಟೆ.

ಆದರೆ ಮರದ ಕೆಳಗೆ ನಿಲ್ಲಿಸಿದರೆ ಮುಖದ ಮೇಲೆ ಬಿಸಿಲಿನ ಚುಕ್ಕೆ ಚುಕ್ಕೆ ಬಿದ್ದು ಚಿರತೆ ಥರ ಕಾಣುತ್ತದೆ. ದಟ್ಟ ನೆರಳಿರುವ ಗೋಡೆ ಹುಡುಕಿ. ನೆರಳು ಮುಗಿಯುವ ಗೆರೆಯಿಂದ ಎರಡಡಿ ಒಳಗೆ, ಬೆಳಕಿನ ಕಡೆ ಮುಖ ಮಾಡಿ ನಿಲ್ಲಿಸಿ. ಮುಖದ ಮೇಲೆ ಮೆತ್ತಗಿನ ಬೆಳಕು ಬರುತ್ತದೆ, ಕಣ್ಣಿನಲ್ಲಿ ಮಿಂಚು ಬರುತ್ತದೆ. ಗಲ್ಲದ ಕೆಳಗೆ ಇನ್ನೂ ಕಪ್ಪಿದ್ದರೆ ಎದೆಮಟ್ಟದಲ್ಲಿ ಥರ್ಮಕೋಲ್ ಹಿಡಿಯಿರಿ. ಅರವತ್ತು ರೂಪಾಯಿಯ ಹಾಳೆ! ಹಿಡಿಯುವವರು ಯಾರು? ನಮ್ಮ ತಾಯಿ ತಾವೇ ಮುಂದೆ ಬಂದರು. "ಹೀಗಾ? ಇನ್ನೂ ಮೇಲಕ್ಕಾ?" ಮಗಳ ಮುಖದ ಮೇಲೆ ಬೆಳಕು ಹತ್ತಿ ಇಳಿಯುವುದನ್ನು ನೋಡಿ ಅವರಿಗೇ ಬೆರಗು. ಅಲ್ಲಿಂದ ಸಂಜೆವರೆಗೂ ಆ ಹಾಳೆ ಅವರ ಕೈ ಬಿಡಲಿಲ್ಲ.

ಭಂಗಿ ಹೇಳಿಕೊಡುವಾಗ ರೂಪದರ್ಶಿಯನ್ನು ಮುಟ್ಟಬೇಡಿ. ನೀವೇ ನಿಂತು ತೋರಿಸಿ. ನಾನು ಸೊಂಟ ವಾರೆ ಮಾಡಿ, ಕತ್ತು ಕೊಂಕಿಸಿ ತೋರಿಸುತ್ತಿದ್ದಾಗ ಹಾಲಿನ ಪ್ಯಾಕೆಟ್ ಹಿಡಿದ ತಾತ ಒಬ್ಬರು ನಿಂತು, "ಏನಪ್ಪಾ, ಹೀರೋಯಿನ್ ನೀನೇನಾ?" ಅಂದರು. ರೂಪದರ್ಶಿ ಜೋರಾಗಿ ನಕ್ಕಳು. ಕ್ಲಿಕ್! ಆ ನಗು ಹೇಳಿಕೊಟ್ಟರೆ ಬರುವಂಥದ್ದಲ್ಲ.

ಕ್ಯಾಮರಾ ವಿಷಯ. ನನ್ನದು ಹಳೆಯ ಡಿಎಸ್ಎಲ್ಆರ್, ಹದಿನೆಂಟು ಸಾವಿರಕ್ಕೆ ಕೊಂಡದ್ದು. ಜೊತೆಗೆ ಐದು ಸಾವಿರಕ್ಕೆ ಒಂದು 50 ಎಂಎಂ ಲೆನ್ಸ್, ಅದೂ ಹಳೆಯದೇ. ಮುಖದ ಚಿತ್ರಕ್ಕೆ ಇವೆರಡು ಸಾಕು. ಆರೇಳು ಅಡಿ ದೂರ ನಿಂತು, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಲೆನ್ಸಿನ ಕಿಂಡಿ 2.8ಕ್ಕೆ ತೆರೆದರೆ ಹಿಂದಿನ ಸ್ಕೂಟರು, ಕಸದ ಬುಟ್ಟಿ ಎಲ್ಲ ಮಸುಕಾಗಿ ಕರಗುತ್ತವೆ. ಮೊಬೈಲ್ ಮಾತ್ರ ಇದ್ದರೂ ಚಿಂತೆಯಿಲ್ಲ. ಮುಖದ ಹತ್ತಿರ ನುಗ್ಗಬೇಡಿ, ಮೂಗು ದೊಡ್ಡದಾಗುತ್ತದೆ. ದೂರ ನಿಂತು ಎರಡು ಪಟ್ಟು ಜೂಮ್‌ನಲ್ಲಿ ತೆಗೆಯಿರಿ.

"ಲಾಲ್‌ಬಾಗ್ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಗ್ಯಾಕೆ ಹೋಗಲಿಲ್ಲ?" ಅಂತೀರಾ? ಅದು ತೋಟಗಾರಿಕೆ ಇಲಾಖೆಯ ತೋಟ. ಒಳಗೆ ಹೋಗಲು ಟಿಕೆಟ್ಟು, ಶೂಟಿಂಗಿಗೆ ಅನುಮತಿ. ಐನೂರರ ನೋಟಿನವನಿಗೆ ರಸ್ತೆಯೇ ಅರಮನೆ.

ನಾಲ್ಕನೇ ಬ್ಲಾಕಿಗೆ ನಡೆದೇ ಹೋದೆವು. ಮೂವರ ಇಡ್ಲಿ, ವಡೆ, ಕಾಫಿಗೆ 210. ಮುಡಿಗೆ ಮಲ್ಲಿಗೆ, ಕನಕಾಂಬರ 40. ಕಾಂಪ್ಲೆಕ್ಸ್ ಹತ್ತಿರ ನಿಂತು ರೂಪದರ್ಶಿಗೆ ಹೇಳಿದೆ, ಇಲ್ಲೊಂದು ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ ಇತ್ತು ಅಂತ. ಈಗ ಇಲ್ಲ. 'ಗೆಜ್ಜೆಪೂಜೆ', 'ಶರಪಂಜರ' ಮಾಡಿದ ಮನುಷ್ಯ 1985ರಲ್ಲಿ ಹೋದರು, ಅವರ ಹೆಸರಿನ ಟಾಕೀಸೂ ಹೋಯಿತು. 'ಶರಪಂಜರ'ದ ಕಲ್ಪನಾ ಮಾತ್ರ ಇಂದಿಗೂ ಒಂದೇ ಒಂದು ಸ್ಟಿಲ್‌ನಲ್ಲಿ ನಮ್ಮನ್ನು ನಿಲ್ಲಿಸಿಬಿಡುತ್ತಾರೆ. ಚಿತ್ರಮಂದಿರಕ್ಕಿಂತ ಚಿತ್ರಕ್ಕೆ ಆಯಸ್ಸು ಜಾಸ್ತಿ. ಹೆದರಿಕೆ ಹುಟ್ಟಿಸುವ ಮಾತು ಅಲ್ಲವೇ?

ಬನಶಂಕರಿಯ ಕಿಟಕಿ

ಹತ್ತು ಗಂಟೆ ಆದಮೇಲೆ ಹೊರಗೆ ಕೆಲಸವಿಲ್ಲ. ಬಸ್ ಹತ್ತಿ ಬನಶಂಕರಿ ಎರಡನೇ ಹಂತದ ನಮ್ಮಕ್ಕನ ಮನೆಗೆ ಹೋದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ. ತಾಯಿ ಮಗಳು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೊಂಡರು. ದುಡ್ಡು ಕೊಟ್ಟವನು ನಾನೊಬ್ಬನೇ! ಈ ಬನಶಂಕರಿಯಿಂದ ಕೆಂಗೇರಿ ಕಡೆ ಹೋಗುವ ರಸ್ತೆಗೆ ವಿಷ್ಣುವರ್ಧನ್ ಹೆಸರಿದೆ. ಜಯನಗರದಲ್ಲಿ ಬಾಳಿದ ಕಲಾವಿದ. ನಮ್ಮ ಬಸ್ ಕಂಡಕ್ಟರ್ ಕೈಯಲ್ಲಿ ಅವರದೇ ಶೈಲಿಯ ಕಡಗ!

ಅಕ್ಕನ ಮನೆಯ ನಡುಮನೆಗೆ ಒಂದೇ ಕಿಟಕಿ. ಅದಕ್ಕೆ ಭಾವನ ಬಿಳಿ ಪಂಚೆ ಕಟ್ಟಿದೆ. ಬಿಸಿಲು ಸೋಸಿದ ಹಾಲಿನ ಹಾಗೆ ಒಳಗಿಳಿಯಿತು. ಕಿಟಕಿಯ ಪಕ್ಕ ಕುರ್ಚಿ, ಇನ್ನೊಂದು ಪಕ್ಕ ಥರ್ಮಕೋಲ್ ಹಿಡಿದ ತಾಯಿ. ಇದೇ ನನ್ನ ಸ್ಟುಡಿಯೋ.

"ಕನ್ನಡಿ ಹಿಡಿದರೆ ಇನ್ನೂ ಬೆಳಕು ಬರಲ್ವಾ?" ತಾಯಿ ಕೇಳಿದರು. ನೋಡಿ, ಅರ್ಧ ದಿನದಲ್ಲಿ ಅವರ ತಲೆ ಎಷ್ಟು ಓಡಿತು! ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಮಾಡಿದ್ದೂ ಇದನ್ನೇ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದ ಆ ಪ್ರಸಿದ್ಧ ಬೆಳಕಿನ ಕೋಲು ದೊಡ್ಡ ದೀಪದಿಂದ ಬಂದದ್ದಲ್ಲ. ಹೊರಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಸೂರ್ಯನನ್ನೇ ಸ್ಟುಡಿಯೋ ಒಳಗೆ ತಿರುಗಿಸಿಬಿಟ್ಟರು! ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿದವರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರೇ ಆ ಪ್ರಶಸ್ತಿಗೆ ಪಾತ್ರರಾದ ಮೊದಲ ಛಾಯಾಗ್ರಾಹಕ. 2014ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ದೀಪ ಇಲ್ಲ ಅಂತ ಕೊರಗುವವರು ಈ ಕನ್ನಡಿ ನೆನಪಿಟ್ಟುಕೊಳ್ಳಿ.

ಅಕ್ಕ ಬಡಿಸಿದ ಊಟ ಆಯಿತು. ಅಕ್ಕ ಮತ್ತು ಆ ತಾಯಿ ಒಗ್ಗರಣೆಯ ಮಾತಿಗಿಳಿದರು. ರೂಪದರ್ಶಿ ಜಡೆ ಬಿಚ್ಚಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದಳು. ಹೊರಗೆ ಏನೋ ನೋಡುತ್ತಿದ್ದಳು. ಮುಖದಲ್ಲಿ ನಗುವಿಲ್ಲ, ಅಭಿನಯವಿಲ್ಲ. "ತೆಗೀಲಾ?" ಅಂದೆ. ತಲೆಯಾಡಿಸಿದಳು. ಒಂದೇ ಒಂದು ತೆಗೆದೆ. ನೋಡಿದ ಕೂಡಲೇ ಗೊತ್ತಾಯಿತು: ಇವತ್ತಿನ ಚಿತ್ರ ಇದು. ಇವತ್ತಿನದೇನು, ನಾನು ಇಲ್ಲಿವರೆಗೆ ತೆಗೆದದ್ದರಲ್ಲೇ ಇದು.

ಶಂಕರ್‌ನಾಗ್ ನೆನಪಿನಂಗಳ

ನಾಲ್ಕೂವರೆಗೆ ಜೆ.ಪಿ. ನಗರ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ರಂಗಶಂಕರ ಇಲ್ಲಿದೆ. 2004ರಲ್ಲಿ ತೆರೆಯಿತು. 1990ರ ಸೆಪ್ಟೆಂಬರ್ 30ರಂದು ಹೋದ ಶಂಕರಣ್ಣನ ಚಿತ್ರ ಇಂದಿಗೂ ನಮ್ಮ ಆಟೋಗಳ ಮೇಲಿದೆ. ರೂಪದರ್ಶಿ ಎಲ್ಲಿ ಸಿಗುತ್ತಾರೆ ಅಂತ ಕೇಳುವ ಯುವಕರು ಮೊದಲು ಇಂಥ ಕಡೆ ಬಂದು, ಟಿಕೆಟ್ ಕೊಂಡು ನಾಟಕ ನೋಡಲಿ. ನಟನಟಿಯರಿಗೆ ಫೋಟೋ ಬೇಕೇ ಬೇಕು. ಮುಖದಲ್ಲಿ ಭಾವ ತರುವುದು ಅವರಿಗೆ ಗೊತ್ತು. ಬೀದಿಯಲ್ಲಿ ಕಂಡವರ ಹಿಂದೆ ಹೋಗಿ "ನೀವು ಮಾಡೆಲ್ ಆಗ್ತೀರಾ?" ಅನ್ನುವುದು ಬೇಡ. ಏಟು ಬಿದ್ದರೆ ಈ ಪತ್ರಿಕೆ ಜವಾಬ್ದಾರಿ ಅಲ್ಲ! ಹುಡುಗರೂ ರೂಪದರ್ಶಿಗಳೇ. ನಿಮ್ಮ ರೂಮ್‌ಮೇಟಿನಿಂದಲೇ ಶುರುಮಾಡಿ.

ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ ಮಾಡೆಲಿಂಗ್‌ನಿಂದ ಬಂದು ಮೊದಲು ಬೆಳ್ಳಿತೆರೆಯ ಮೇಲೆ ಕಂಡದ್ದು 2006ರ ಕನ್ನಡ ಚಿತ್ರ 'ಐಶ್ವರ್ಯ'ದಲ್ಲಿ. ಎಲ್ಲರಿಗೂ ಆ ಅದೃಷ್ಟ ಬರುವುದಿಲ್ಲ. ಆದರೆ ಮೊದಲ ಹೆಜ್ಜೆಯಲ್ಲಿ ಎಲ್ಲರ ಕೈಯಲ್ಲೂ ಯಾರೋ ಒಬ್ಬರು ತೆಗೆದ ಫೋಟೋ ಇರುತ್ತದೆ. ಆ ಯಾರೋ ಒಬ್ಬರು ನೀವು, ನಾನು.

ಬಿಟಿಎಂ ದೀಪಗಳ ಕೆಳಗೆ

ಬ್ಯಾಟರಾಯನಪುರವೋ ಬೇರೇನೋ ಅಂತ ತಿಳಿದವರಿದ್ದಾರೆ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. 2025ರ ಆಗಸ್ಟ್‌ನಿಂದ ಇಲ್ಲಿ ತಲೆಯ ಮೇಲೆ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ಸಂಜೆ ಆರೂವರೆಗೆ ಆಕಾಶ ಇನ್ನೂ ನೀಲಿ ಇರುವಾಗ ಅಂಗಡಿಗಳ ದೀಪ ಹತ್ತುತ್ತದೆ. ಆ ಇಪ್ಪತ್ತು ನಿಮಿಷ ಚಿನ್ನ. ಮೊಬೈಲ್ ಅಂಗಡಿಯ ಬಿಳಿ ಬೆಳಕು ಒಂದು ಕೆನ್ನೆಗೆ, ಜ್ಯೂಸ್ ಅಂಗಡಿಯ ಹಳದಿ ಇನ್ನೊಂದಕ್ಕೆ. ಅಂಗಡಿಯವರನ್ನು ಮೊದಲು ಕೇಳಿ. ನಾನು ಕೇಳಿದೆ. "ನಮ್ಮ ಬೋರ್ಡೂ ಬರ್ಲಿ ಗುರು" ಅಂದರು!

ಕೊನೆಗೆ ಬಜ್ಜಿ, ಕಾಫಿ ಇಟ್ಟುಕೊಂಡು ಮೂವರೂ ಕ್ಯಾಮರಾದ ಪುಟ್ಟ ಪರದೆ ನೋಡುತ್ತ ನಿಂತೆವು. ಇದು ಇರಲಿ, ಅದು ಇರಲಿ, ಇದರಲ್ಲಿ ಕಣ್ಣು ಮುಚ್ಚಿದೆ. ಕಿಟಕಿಯ ಚಿತ್ರ ಬಂತು. ನನ್ನ ಎದೆ ಉಬ್ಬಿತು. ತಾಯಿ ಉಸಿರು ಬಿಡದೆ ನೋಡಿದರು. ಮಗಳು ತುಂಬ ಹೊತ್ತು ನೋಡಿ ಅಂದಳು: "ಸರ್, ಇದು ಬೇಡ."

ಯಾಕೆ ಅಂತ ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಕೆ.ವಿ. ಅಯ್ಯರ್ ಅವರ 'ರೂಪದರ್ಶಿ' ಕಾದಂಬರಿ ನೆನಪಾಯಿತು. ಅದರಲ್ಲಿ ಎಳೆಯನಾಗಿದ್ದಾಗ ಬಾಲ ಯೇಸುವಿಗೆ ರೂಪದರ್ಶಿಯಾದವನೇ ವರ್ಷಗಳ ಮೇಲೆ ಜೂದಾಸನಿಗೂ ರೂಪದರ್ಶಿಯಾಗಿ ಬರುತ್ತಾನೆ. ಚಿತ್ರ ಬರೆದು ಮುಗಿದ ಮೇಲೂ ಎದುರಿಗೆ ಕೂತವರ ಬಾಳು ಮುಗಿದಿರುವುದಿಲ್ಲ. ಜೇಬಿನಲ್ಲಿ ಆ ಐದು ಸಾಲಿನ ಹಾಳೆ ಇತ್ತು. ಆಕೆ ನೋಡುತ್ತಿರುವಂತೆಯೇ ಬಟನ್ ಒತ್ತಿದೆ. ಅಳಿಸಿಹೋಯಿತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಲೆಕ್ಕ: ತಿಂಡಿ 210, ಹೂವು 40, ಬಸ್ಸಿಗೆ ನನ್ನೊಬ್ಬನದು 50, ಸಂಜೆಯ ಬಜ್ಜಿ ಕಾಫಿ 150. ಒಟ್ಟು 450. ಉಳಿದದ್ದು ಐವತ್ತು ರೂಪಾಯಿ, ಆಕೆ ಒಪ್ಪಿದ ಹದಿನಾಲ್ಕು ಚಿತ್ರ.

ಬಸ್ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಾಯಿ ತಿರುಗಿದರು. "ಮುಂದಿನ ಭಾನುವಾರ ನನಗೆ ಮದುವೆಗೆ ಹೋಗೋದಿದೆಯಪ್ಪ. ಇವಳ ತಮ್ಮನ್ನ ಕಳಿಸ್ತೀನಿ. ಆ ಬಿಳಿ ಹಲಗೆ ಹೇಗೆ ಹಿಡೀಬೇಕು ಅಂತ ಅವನಿಗೆ ನಾನೇ ಹೇಳಿಕೊಟ್ಟಿರ್ತೀನಿ."