ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಅಲ್ಲಿಯ ಹಳ್ಳಿ ಚರ್ಚೊಂದರ ಬಣ್ಣದ ಗಾಜಿನ ಕಿಟಕಿಯ ಫೋಟೊ ಕಳಿಸಿದ್ದ. ಕೆಳಗೆ ಖಾಕಿ ತೊಟ್ಟ ಎಳೆ ಹುಡುಗನೊಬ್ಬ ಮಂಡಿಯೂರಿದ್ದಾನೆ. ಅವನ ಮೇಲೆ ರೆಕ್ಕೆ ಬಿಚ್ಚಿದ ದೇವದೂತರು, ಅವರಿಗೂ ಮೇಲೆ ಕ್ರಿಸ್ತ. ಅಡಿಯಲ್ಲಿ 1914–1918 ಎಂಬ ಇಸವಿ, ಯುದ್ಧದಲ್ಲಿ ಮಡಿದ ಊರಿನ ಹುಡುಗರ ಹೆಸರು. "ಮಾಮ, ಇಂಥದ್ದು ನಮ್ಮ ಕಡೆ ಇಲ್ವಲ್ಲ" ಅಂತ ಜೊತೆಗೊಂದು ಸಾಲು. ದಾವಣಗೆರೆಯಲ್ಲಿ ಹುಟ್ಟಿ, ಬೇಸಿಗೆ ರಜೆಯೆಲ್ಲ ಹರಿಹರದ ಹೊಳೆದಂಡೆಯಲ್ಲಿ ಕಳೆದವನ ಮಾತಿದು! ಗಾಜಿನದು ಇಲ್ಲಪ್ಪ, ಕಲ್ಲಿನದು ಬೇಕಾದಷ್ಟಿದೆ ಎಂದು ಉತ್ತರ ಬರೆಯಲು ಕೂತೆ. ಅದು ವಾಟ್ಸಾಪಿನಲ್ಲಿ ಹಿಡಿಸದಷ್ಟು ಉದ್ದವಾಯಿತು.

ಆ ಕಿಟಕಿಗಳ ಹಿಂದೆ ಒಂದು ಸಂಕಟವಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಶವಗಳನ್ನು ಊರಿಗೆ ತರಕೂಡದೆಂದು ಬ್ರಿಟಿಷ್ ಸರ್ಕಾರ ತೀರ್ಮಾನಿಸಿತು. ಬಡವ ಬಲ್ಲಿದ ಎನ್ನದೆ ಎಲ್ಲರೂ ಬಿದ್ದ ನೆಲದಲ್ಲೇ ಮಣ್ಣಾದರು. ಹೂವಿಡಲು ಗೋರಿಯೂ ಇಲ್ಲದ ತಾಯ್ತಂದೆಯರು ಊರಿನ ಚರ್ಚಿನಲ್ಲಿ ಒಂದು ಫಲಕವನ್ನೋ, ಅನುಕೂಲಸ್ಥರಾದರೆ ಒಂದು ಕಿಟಕಿಯನ್ನೋ ಮಾಡಿಸಿದರು. ಕೋಬಾಲ್ಟ್ ಬೆರೆಸಿದ ನೀಲಿ ಗಾಜು, ತಾಮ್ರದಿಂದಲೋ ಚಿನ್ನದಿಂದಲೋ ಕೆಂಪೇರಿದ ಗಾಜು, ತುಂಡುಗಳನ್ನು ಹಿಡಿದಿಡಲು ಸೀಸದ ಪಟ್ಟಿ. ಕಣ್ಣು ಮೂಗು ಬರೆದು ಕುಲುಮೆಯಲ್ಲಿ ಸುಟ್ಟ ಮುಖ. ಮಗ ಬರಲಿಲ್ಲ, ಕಿಟಕಿ ಬಂತು.

ಹರಿಹರದ ಆಚೆಯ ಹಳ್ಳಿಯೊಂದರಲ್ಲಿ ಹನುಮಪ್ಪನ ಗುಡಿಯ ಹಿಂದೆ ಒಂದು ವೀರಗಲ್ಲಿದೆ. ಎದೆಮಟ್ಟದ ಕಲ್ಲು, ಅಡ್ಡಕ್ಕೆ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಬಿಲ್ಲು ಎಳೆದು ನಿಂತ ಗಂಡಾಳು, ಎದುರು ಇಬ್ಬರು, ಕಾಲಡಿ ಬಿದ್ದವನೊಬ್ಬ. ಮೂಲೆಯಲ್ಲಿ ಕೊಂಬು ಮಾತ್ರ ಉಳಿದ ದನಗಳು. ಅಂದರೆ ಇದು ತುರುಗಾಳಗ, ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ತೋಳಿಗೆ ಕೈಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಕೆಳಗಿನಿಂದ ಮೇಲಕ್ಕೆ ಓದಬೇಕು, ಆ ಗಾಜಿನ ಕಿಟಕಿಯ ಹಾಗೆಯೇ. ರೆಕ್ಕೆಯವರ ಜಾಗದಲ್ಲಿ ಇಲ್ಲಿ ಅಪ್ಸರೆಯರು, ಅಷ್ಟೇ ವ್ಯತ್ಯಾಸ.

ನಾನು ಬಗ್ಗಿ ನೋಡುತ್ತಿದ್ದಾಗ ಮೇಕೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನಿಂತರು. "ಏನ್ ನೋಡ್ತೀಯಪ್ಪಾ? ಅವ್ನು ನಮ್ಮ ಈರಪ್ಪ. ಮಳಿ ಹೋದ್ರೆ ಕೊಡ ತುಂಬ ನೀರು ಹಾಕ್ತೀವಿ, ಬರ್ತತಿ." ಯಾವ ಕಾಳಗ, ಯಾವ ರಾಜ, ಯಾರ ಮಗ ಎಂಬುದು ಊರಿನಲ್ಲಿ ಯಾರಿಗೂ ಬೇಕಾಗಿಲ್ಲ. ಎಣ್ಣೆ, ಅರಿಶಿನ, ಕುಂಕುಮ ಮಾತ್ರ ತಪ್ಪಿಲ್ಲ. ಇಂಗ್ಲೆಂಡಿನ ಹುಡುಗನಿಗೆ ಹೆಸರು ಉಳಿದಿದೆ, ನಮ್ಮವನಿಗೆ ನೈವೇದ್ಯ ಉಳಿದಿದೆ. ಯಾವುದು ಮೇಲು ಎಂದು ಕೇಳಿದರೆ ನಾನು ಅಜ್ಜಿಯ ಕಡೆ.

ದೊಡ್ಡವರ ಕತೆ ಬೇರೆ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಥ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅವನ ಕೀರ್ತಿ ಆ ಅಂಗಳದ ಶಾಸನದಲ್ಲಿ ಸಾಲುಗಟ್ಟಲೆ ಇದೆ. ದಂಡನಾಥನಿಗೆ ಗುಡಿ, ದಂಡಿನವನಿಗೆ ಎದೆಮಟ್ಟದ ಕಲ್ಲು. ಬ್ರಿಟಿಷರ ಕಾಲದಲ್ಲೂ 1865ರವರೆಗೆ ಹರಿಹರದ ಹೊರಗೆ ದಂಡಿನ ಪಾಳೆಯವಿತ್ತು. ಆ ಸಿಪಾಯಿಗಳ ನೆನಪು ಈಗ ಊರಿನ ಯಾರ ಬಾಯಲ್ಲೂ ಇಲ್ಲ.

ದಾವಣಗೆರೆ ತಾಲ್ಲೂಕಿನ ಆನಜಿಯ ಶಾಸನ ಇವೆಲ್ಲಕ್ಕಿಂತ ಹಳೆಯದು, ಕದಂಬರ ಕಾಲದ್ದು. ಪಲ್ಲವ ನಣಕ್ಕಾಸನಿಗೂ ಕೃಷ್ಣವರ್ಮನಿಗೂ ಯುದ್ಧವಾಗಿ ಕೃಷ್ಣವರ್ಮನ ಸೇನೆ ಸೋತಿತು. ಶಿವನಂದವರ್ಮನೆಂಬವನು ದರ್ಭೆಯ ಹಾಸಿಗೆಯ ಮೇಲೆ ಮಲಗಿ ಸ್ವರ್ಗ ಬಯಸಿದ. ಗೆದ್ದವರು ಕಲ್ಲು ನಿಲ್ಲಿಸುವುದು ಎಲ್ಲ ಕಡೆ ಇದ್ದದ್ದೇ. ಸೋತ ಕಡೆಯವನೊಬ್ಬನ ಸಂಕಟವನ್ನು ಕೆತ್ತಿಸಿದ ಸೀಮೆ ನಮ್ಮದು ಎಂಬ ಸಣ್ಣ ಜಂಭ ನನಗುಂಟು. ಉದಾರತೆಯಲ್ಲಿ ಮದ್ದೂರು ಸೀಮೆಯವರು ನಮ್ಮನ್ನೂ ಮೀರಿಸಿದ್ದಾರೆ. ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಗೆ ಅಲ್ಲಿನ ಆತಕೂರಿನಲ್ಲಿ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. 10ನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಅಳಿಯ ಹೇಳಿದ ಮಹಾಯುದ್ಧಕ್ಕೂ ನಮ್ಮವರು ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆಯೇರಿ ಹಿಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದೂ ಕಲ್ಲೇ.

ಕಲ್ಲು ನಿಲ್ಲಿಸುವ ಚಾಳಿ ನಮ್ಮಲ್ಲಿ ನಿಂತಿಲ್ಲ. 1942ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದವರಿಗೆ ದಾವಣಗೆರೆ ಪೇಟೆಯಲ್ಲಿ ಹುತಾತ್ಮರ ಸ್ಮಾರಕವಿದೆ. ಬೆಣ್ಣೆದೋಸೆ ತಿನ್ನಲು ಬಂದವರು ಅದನ್ನು ಹಾದು ಹೋಗುತ್ತಾರೆ. ಹೆದ್ದಾರಿಯ ಆನಗೋಡಿನಲ್ಲಿ 1992ರ ಗೋಲಿಬಾರಿನಲ್ಲಿ ಮಡಿದ ಇಬ್ಬರು ರೈತರ ಸಮಾಧಿಯಿದೆ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಹಸಿರು ಶಾಲಿನವರು ಅಲ್ಲಿ ಸೇರುತ್ತಾರೆ. ದನ ಉಳಿಸಲು ಹೋಗಿ ಸತ್ತವನಿಗೂ ಇವರಿಗೂ ನನಗೆ ಹೆಚ್ಚು ದೂರ ಕಾಣುವುದಿಲ್ಲ.

ಹಳೆಯ ಕಲ್ಲುಗಳಿಗೆ ಈಗ ಶತ್ರುವೆಂದರೆ ಭಕ್ತಿಯೇ. ಜೀರ್ಣೋದ್ಧಾರವೆಂದರೆ ಟೈಲ್ಸ್, ಗ್ರಾನೈಟು, ಆಯಿಲ್ ಪೇಂಟು ಎಂದಾಗಿದೆ. ವೀರಗಲ್ಲನ್ನು ಮೆಟ್ಟಿಲು ಮಾಡಿದ್ದನ್ನು ಕಂಡಿದ್ದೇನೆ. ಬಟ್ಟೆ ಒಗೆಯಲು ಹಾಕಿದ್ದನ್ನೂ ಕಂಡಿದ್ದೇನೆ. ನಿಮ್ಮೂರಿನ ಗುಡಿಗೆ ಚಂದಾ ಎತ್ತುವಾಗ ಸಭೆಯಲ್ಲಿ ಎದ್ದು ಒಂದು ಮಾತು ಹೇಳಿ: ಹಿಂದಿನ ಕಲ್ಲನ್ನು ಇದ್ದಲ್ಲೇ ಇರಿಸಬೇಕು, ಅದಕ್ಕೆ ಬಣ್ಣ ಬಳಿಯಕೂಡದು. ಪಟ್ಟಿಕೆಗಳ ನಡುವೆ ಅಕ್ಷರ ಕಂಡರೆ ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಪುರಾತತ್ವ ಇಲಾಖೆಗೋ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ಕಳಿಸಿ. ಈರಪ್ಪನ ನಿಜವಾದ ಹೆಸರು ಅಲ್ಲೇ ಇರಬಹುದು.